ಬರ್ಲಿನ್ನಿನ ಹಾನ್ಸ್ ಕುದುರೆ: ಮೋಸ ಇಲ್ಲ ಅಂದ್ರೆ ನಿಜ ಅಂತಾನಾ?

ಸೈಕಾಲಜಿ ಮೊದಲ ವರ್ಷದ ಪುಸ್ತಕಗಳಲ್ಲಿ ಹಾನ್ಸ್ ಕುದುರೆ ಕಥೆ ಅರ್ಧ ಪುಟದಲ್ಲಿ ಮುಗಿದೋಗುತ್ತೆ. ಕುದುರೆ ಲೆಕ್ಕ ಮಾಡ್ತಿತ್ತು, ಒಬ್ಬ ವಿಜ್ಞಾನಿ ಬಂದ, ಅದು ಎದುರಿಗೆ ನಿಂತವರನ್ನ ನೋಡ್ಕೊಂಡು ಉತ್ತರ ಕೊಡ್ತಿದೆ ಅಂತ ಕಂಡುಹಿಡಿದ, ಅಲ್ಲಿಗೆ ಮುಗೀತು. ಪರೀಕ್ಷೆಗೆ ಅಷ್ಟು ಬರೆದ್ರೆ ಮಾರ್ಕ್ಸೂ ಬರುತ್ತೆ. ಆದ್ರೆ ನನಗೆ ಈ ಪ್ರಕರಣದಲ್ಲಿ ರುಚಿ ಸಿಕ್ಕಿದ್ದು ಆ ಉತ್ತರದಲ್ಲಿ ಅಲ್ಲ, ಅದು ಹೇಗೆ ಗೊತ್ತಾಯ್ತು ಅನ್ನೋದ್ರಲ್ಲಿ, ಮತ್ತೆ ಅದಕ್ಕೂ ಮುಂಚೆ 13 ಜನ ತಿಳಿದವರು ಬಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಏನೂ ಸಿಗದೆ ಯಾಕೆ ವಾಪಸ್ ಹೋದ್ರು ಅನ್ನೋದ್ರಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಬರೀತೀನಿ.

ವರ್ಷ 1904, ಜಾಗ ಬರ್ಲಿನ್. ವಿಲ್ಹೆಲ್ಮ್ ಫಾನ್ ಓಸ್ಟೆನ್ ಅಂತ ಒಬ್ರು ರಿಟೈರ್ಡ್ ಗಣಿತದ ಮೇಷ್ಟ್ರು, ವಯಸ್ಸು 65ರ ಆಸುಪಾಸು, ಊರಿನ ಉತ್ತರಕ್ಕಿರೋ ಗ್ರೀಬೆನೋ ಬೀದಿಯ ಒಂದು ಅಂಗಳದಲ್ಲಿ ಹಾನ್ಸ್ ಅನ್ನೋ ಗಂಡು ಕುದುರೆ ಇಟ್ಕೊಂಡಿದ್ರು, ರಷ್ಯಾದ ಟ್ರಾಟರ್ ತಳಿ. ಪ್ರಾಣಿಗಳಿಗೂ ಮನುಷ್ಯರ ಥರಾನೇ ಬುದ್ಧಿ ಇದೆ, ಯಾರೂ ಸರಿಯಾಗಿ ಪಾಠ ಮಾಡಿಲ್ಲ ಅಷ್ಟೇ ಅಂತ ಅವರ ನಂಬಿಕೆ. ಅದಕ್ಕೇ ಸುಮಾರು ನಾಲ್ಕು ವರ್ಷ ಕೂತು ಕುದುರೆಗೆ ಸ್ಕೂಲ್ ಮಕ್ಕಳಿಗೆ ಕಲಿಸೋ ಹಾಗೇ ಕಲಿಸಿದ್ರು, ಮರದ ಗೂಟ ಜೋಡಿಸಿ ಎಣಿಸೋದು, ಆಮೇಲೆ ಮಣಿಚೌಕಟ್ಟು, ಆಮೇಲೆ ಹಲಗೆ ಮೇಲೆ ಅಂಕಿ, ಸರಿ ಉತ್ತರ ಬಂದಾಗೆಲ್ಲ ಒಂದು ಚೂರು ಬ್ರೆಡ್ಡೋ ಕ್ಯಾರೆಟ್ಟೋ. ಕುದುರೆ ಬಲಗಾಲಿನ ಗೊರಸಿಂದ ನೆಲ ತಟ್ಟಿ ಉತ್ತರ ಹೇಳ್ತಿತ್ತು. ಕೂಡೋದು ಕಳೆಯೋದು ಬಿಡಿ, ಭಿನ್ನರಾಶಿ ಮಾಡ್ತಿತ್ತು, ಗಡಿಯಾರ ನೋಡಿ ಟೈಮ್ ಹೇಳ್ತಿತ್ತು, ಈ ತಿಂಗಳ ಇಂಥ ತಾರೀಕು ಯಾವ ವಾರ ಅಂದ್ರೆ ಹೇಳ್ತಿತ್ತು, ಅಕ್ಷರಗಳ ಹಲಗೆ ಇಟ್ರೆ ಯಾವ ಸಾಲು, ಸಾಲಲ್ಲಿ ಎಷ್ಟನೇದು ಅಂತ ತಟ್ಟಿ ತಟ್ಟಿ ಪದಗಳನ್ನೇ ಬರೆಸ್ತಿತ್ತು.

ಇದನ್ನ ಕೇಳಿದ ತಕ್ಷಣ ನಮಗೆ ಬರೋ ಮೊದಲ ಅನುಮಾನ ದುಡ್ಡು. ಆದ್ರೆ ಮೇಷ್ಟ್ರು ಯಾರ ಹತ್ರಾನೂ ಒಂದು ಕಾಸು ತಗೊಳ್ತಿರ್ಲಿಲ್ಲ, ಅಂಗಳಕ್ಕೆ ಯಾರು ಬೇಕಾದ್ರೂ ಬಂದು ನೋಡ್ಬೋದಿತ್ತು, ಸರ್ಕಾರ ಇದನ್ನ ಪರೀಕ್ಷೆ ಮಾಡ್ಲಿ ಅಂತ ಅವರೇ ಒತ್ತಾಯ ಮಾಡ್ತಿದ್ರು. ಎರಡನೇ ಅನುಮಾನ, ಇವರೇ ಏನೋ ಸನ್ನೆ ಮಾಡ್ತಿರ್ಬೇಕು. ಅದೂ ನಿಲ್ಲಲಿಲ್ಲ, ಯಾಕಂದ್ರೆ ಆಫ್ರಿಕಾ ಸುತ್ತಿ ಪ್ರಾಣಿಗಳ ಫೋಟೋ ತೆಗೆದು ಹೆಸರು ಮಾಡಿದ್ದ ಶಿಲಿಂಗ್ಸ್ ಅನ್ನೋರು ಬಂದು, ಮೇಷ್ಟ್ರು ಇಲ್ಲದಾಗ ತಾವೇ ಪ್ರಶ್ನೆ ಕೇಳಿದ್ರು, ಕುದುರೆ ಅವರಿಗೂ ಸರಿಯಾಗಿ ಉತ್ತರ ಕೊಡ್ತು. ಅನುಮಾನದಿಂದ ಬಂದವರು ಭಕ್ತರಾಗಿ ಹೋದ್ರು. ನೀವು ಆ ಕಾಲದಲ್ಲಿ ಅಲ್ಲಿದ್ರೆ ಏನು ಹೇಳ್ತಿದ್ರಿ ಅಂತ ಒಂದ್ಸಲ ಪ್ರಾಮಾಣಿಕವಾಗಿ ಯೋಚ್ನೆ ಮಾಡಿ. ಉತ್ತರ ಮೊದಲೇ ಗೊತ್ತಿರೋ ನಮಗೆ ಆ ಜನರನ್ನ ನೋಡಿ ನಗೋದು ತುಂಬಾ ಸುಲಭ.

1904ರ ಸೆಪ್ಟೆಂಬರ್‌ನಲ್ಲಿ ಒಂದು ಕಮಿಟಿ ಕೂತಿತು. ಬರ್ಲಿನ್ ಯೂನಿವರ್ಸಿಟಿಯ ಸೈಕಾಲಜಿ ಪ್ರೊಫೆಸರ್ ಕಾರ್ಲ್ ಸ್ಟುಂಫ್ ಅದ್ರಲ್ಲಿ ಮುಖ್ಯ, ಜೊತೆಗೆ ಝೂ ಡೈರೆಕ್ಟರ್, ಪಶುವೈದ್ಯರು, ಸ್ಕೂಲ್ ಮೇಷ್ಟ್ರು, ಮಿಲಿಟರಿ ಕಡೆಯವರು, ಮತ್ತೆ ಸರ್ಕಸ್ ಮಾಲೀಕ ಪೌಲ್ ಬುಷ್. ಸರ್ಕಸ್ ಮನುಷ್ಯನನ್ನ ಕರೆದಿದ್ದು ಸರಿಯಾದ ಲೆಕ್ಕಾಚಾರವೇ, ಕುದುರೆಗೆ ಕದ್ದು ಸನ್ನೆ ಕೊಡೋ ಎಲ್ಲಾ ವಿದ್ಯೆ ಗೊತ್ತಿರೋನು ಅವನೇ ತಾನೇ. ಸೆಪ್ಟೆಂಬರ್ 12ಕ್ಕೆ ಅವರು ಹೇಳಿಕೆ ಕೊಟ್ರು: ಬೇಕಂತ ಮಾಡೋ ಸನ್ನೆ ಏನೂ ಇಲ್ಲ, ಗೊತ್ತಿಲ್ದೇ ಆಗೋ ಸನ್ನೆಗಳಲ್ಲೂ ಇದುವರೆಗೆ ನಮಗೆ ಪರಿಚಯ ಇರೋ ಥರದ್ದು ಯಾವುದೂ ಇಲ್ಲ, ಇದನ್ನ ಗಂಭೀರವಾಗಿ ಅಧ್ಯಯನ ಮಾಡ್ಬೇಕು.

ಈ ಹೇಳಿಕೆನ ಇನ್ನೊಂದ್ಸಲ ಓದಿ. ಇದರಲ್ಲಿ ಎಲ್ಲಾದ್ರೂ ಕುದುರೆ ಯೋಚ್ನೆ ಮಾಡುತ್ತೆ ಅಂತ ಇದೆಯಾ? ಇಲ್ಲ. ಜೊತೆಗೆ "ಇದುವರೆಗೆ ಪರಿಚಯ ಇರೋ ಥರದ" ಅನ್ನೋ ಒಂದು ಷರತ್ತು ಬೇರೆ ಇದೆ. ಆದ್ರೆ ಊರಿಗೆ ಮುಟ್ಟಿದ್ದು ಹೀಗೆ: ವಿಜ್ಞಾನಿಗಳು ಬಂದು ನೋಡಿದ್ರು, ಮೋಸ ಇಲ್ಲ ಅಂದ್ರು, ಅಲ್ಲಿಗೆ ಹಾನ್ಸ್‌ಗೆ ಬುದ್ಧಿ ಇದೆ ಅಂತ ಸಾಬೀತಾಯ್ತು. ಪ್ರಕರಣದ ಕೀಲು ಇರೋದೇ ಇಲ್ಲಿ ಅಂತ ನನಗನ್ಸುತ್ತೆ. ಕಮಿಟಿ ಕೇಳ್ಕೊಂಡ ಪ್ರಶ್ನೆ "ಇಲ್ಲಿ ಮೋಸ ಇದೆಯಾ" ಅಂತ, ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು, ಮೇಷ್ಟ್ರು ನಿಜಕ್ಕೂ ಸಾಚಾ ಮನುಷ್ಯ. ಜನ ಮಾತ್ರ ಇರೋದೇ ಎರಡು ದಾರಿ ಅಂದ್ಕೊಂಡಿದ್ರು, ಒಂದೋ ಮೇಷ್ಟ್ರು ಕಳ್ಳ, ಇಲ್ಲಾಂದ್ರೆ ಕುದುರೆ ಪಂಡಿತ. ಮೇಷ್ಟ್ರೂ ಕಳ್ಳ ಅಲ್ಲ ಕುದುರೆಯೂ ಪಂಡಿತ ಅಲ್ಲ ಅನ್ನೋ ಮೂರನೇ ದಾರಿ ಒಂದಿರ್ಬೋದು ಅಂತ ಹೊಳೀಲೇ ಇಲ್ಲ, ಒಬ್ಬ ಒಳ್ಳೆ ಮನುಷ್ಯನ ಒಳ್ಳೆತನವೇ ಅವನ ಮಾತಿಗೆ ಪುರಾವೆ ಆಗ್ಬಿಡ್ತು. ಇವತ್ತಿಗೂ ಔಷಧಿ ವಿಷಯ ಇರ್ಲಿ ಭವಿಷ್ಯದ ವಿಷಯ ಇರ್ಲಿ "ಅವರು ಸುಳ್ಳು ಹೇಳೋರಲ್ಲ, ದುಡ್ಡೂ ತಗೊಳಲ್ಲ" ಅಂತ ಶುರುವಾಗೋ ವಾದ ಇದೇ ಜಾತಿದು.

ಅಕ್ಟೋಬರ್‌ನಲ್ಲಿ ಸ್ಟುಂಫ್ ಅವರ ಶಿಷ್ಯ ಆಸ್ಕರ್ ಫುಂಗ್ಸ್ಟ್ ಕೆಲಸ ಶುರು ಮಾಡಿದ. ಅವನು ಪ್ರಶ್ನೆಯನ್ನೇ ಬದಲಾಯಿಸಿದ. ಮೋಸ ಇದೆಯಾ ಇಲ್ವಾ ಬಿಟ್ಟಾಕಿ, ಯಾವ ಯಾವ ಪರಿಸ್ಥಿತಿಲಿ ಕುದುರೆ ಸರಿ ಹೇಳುತ್ತೆ, ಯಾವ ಪರಿಸ್ಥಿತಿಲಿ ತಪ್ಪುತ್ತೆ? ಕೇಳೋಕೆ ಚಿಕ್ಕ ಬದಲಾವಣೆ. ಆದ್ರೆ ಮೊದಲನೇ ಪ್ರಶ್ನೆಗೆ ಎಷ್ಟು ಹೊತ್ತು ನೋಡಿದ್ರೂ ಅಭಿಪ್ರಾಯ ಸಿಗುತ್ತೆ, ಎರಡನೇದಕ್ಕೆ ಎಣಿಸೋಕಾಗೋ ಅಂಕಿ ಸಿಗುತ್ತೆ.

ಅಂಗಳದಲ್ಲಿ ಒಂದು ದೊಡ್ಡ ಟೆಂಟ್ ಹಾಕಿಸಿದ, ಜನ ಗದ್ದಲ ಏನೂ ಒಳಗೆ ಬರದ ಹಾಗೆ. ಫಲಿತಾಂಶ ಬರ್ಕೊಳ್ಳೋಕೆ ಬೇರೆಯವರನ್ನ ಇಟ್ಟ, ಹೋರ್ನ್‌ಬೋಸ್ಟೆಲ್ ಅಂತ. ಮೊದಲ ಪ್ರಯೋಗ ಎಷ್ಟು ಸರಳ ಅಂದ್ರೆ ಕಮಿಟಿಗೆ ಯಾಕೆ ಹೊಳೀಲಿಲ್ಲ ಅನ್ನೋ ಹಾಗಿದೆ. ಅಂಕಿ ಬರೆದಿರೋ ಕಾರ್ಡನ್ನ ಕುದುರೆಗೆ ತೋರಿಸೋದು, ಅದು ಅಷ್ಟು ಸಲ ತಟ್ಟಬೇಕು. ಕೆಲವು ಸಲ ಪ್ರಶ್ನೆ ಕೇಳೋನು ಕಾರ್ಡ್ ನೋಡಿರ್ತಾನೆ, ಕೆಲವು ಸಲ ನೋಡಿರಲ್ಲ, ಕುದುರೆಗೆ ಮಾತ್ರ ಕಾಣ್ಸುತ್ತೆ. ಎರಡೂ ಥರದ್ದನ್ನ ಮಧ್ಯ ಮಧ್ಯ ಬೆರೆಸಿ ಮಾಡಿದ, ಇದೂ ಮುಖ್ಯ, ಯಾಕಂದ್ರೆ ಗೊತ್ತಿರೋದನ್ನೆಲ್ಲ ಬೆಳಿಗ್ಗೆ, ಗೊತ್ತಿಲ್ಲದ್ದನ್ನೆಲ್ಲ ಸಂಜೆ ಮಾಡಿದ್ರೆ ಕುದುರೆಗೆ ಸುಸ್ತಾಗಿತ್ತು, ಮೂಡ್ ಸರಿ ಇರ್ಲಿಲ್ಲ ಅಂತ ಯಾರಾದ್ರೂ ಹೇಳೋಕೆ ಜಾಗ ಇರ್ತಿತ್ತು. ಬಂದ ಫಲಿತಾಂಶ: ಕೇಳೋನಿಗೆ ಅಂಕಿ ಗೊತ್ತಿದ್ದಾಗ 98% ಸರಿ, ಗೊತ್ತಿಲ್ಲದಾಗ 8%.

ಕೂಡೋ ಲೆಕ್ಕಕ್ಕೆ ಇನ್ನೂ ಚಂದದ ಉಪಾಯ ಮಾಡಿದ. ಮೇಷ್ಟ್ರು ಕುದುರೆ ಕಿವೀಲಿ ಒಂದು ಸಂಖ್ಯೆ ಪಿಸುಗುಟ್ತಾರೆ, ಆಮೇಲೆ ಫುಂಗ್ಸ್ಟ್ ಇನ್ನೊಂದು ಸಂಖ್ಯೆ ಪಿಸುಗುಟ್ತಾನೆ, ಕುದುರೆ ಎರಡನ್ನೂ ಕೂಡ್ಬೇಕು. ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಗೊತ್ತಿಲ್ಲ, ಹಾಗಾಗಿ ಒಟ್ಟು ಮೊತ್ತ ಆ ಟೆಂಟಲ್ಲಿ ಇಬ್ಬರಿಗೂ ಗೊತ್ತಿಲ್ಲ, ಯಾರಿಗಾದ್ರೂ ಗೊತ್ತಿರ್ಬೇಕು ಅಂದ್ರೆ ಅದು ಕುದುರೆಗೆ ಮಾತ್ರ. 31 ಸಲ ಕೇಳಿದ್ರಲ್ಲಿ 3 ಸರಿ. ಮೊತ್ತ ಗೊತ್ತಿರೋನು ಎದುರಿಗಿದ್ದಾಗ 31ಕ್ಕೆ 29.

ಇಲ್ಲಿಗೆ ನಿಲ್ಲಿಸಿದ್ರೂ ಕುದುರೆಗೆ ಲೆಕ್ಕ ಬರಲ್ಲ ಅಂತ ಗೊತ್ತಾಗಿತ್ತು. ಕ್ಲಾಸಲ್ಲೂ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸ್ತಾರೆ, ಅದು ತಪ್ಪು ಅಂತ ನನ್ನ ಅಭಿಪ್ರಾಯ. ಈ ಪ್ರಯೋಗ ಹೇಳಿದ್ದು ಇಷ್ಟೇ, ಉತ್ತರ ಕೇಳೋನ ತಲೆಯಿಂದ ಕುದುರೆಗೆ ಹೋಗ್ತಿದೆ. ಹೇಗೆ ಹೋಗ್ತಿದೆ ಅಂತ ಹೇಳ್ಲಿಲ್ಲ. ಮನಸ್ಸಿಂದ ಮನಸ್ಸಿಗೆ ಯೋಚ್ನೆ ದಾಟುತ್ತೆ ಅನ್ನೋ ಗುಂಪು ಆಗ ದೊಡ್ಡದಾಗೇ ಇತ್ತು, ಅವರ ಪ್ರಕಾರ ನೋಡಿದ್ರೆ ಇದೇ ಅಂಕಿಗಳು ಅವರ ಪರವಾಗಿವೆ, ಕೇಳೋನ ಮನಸ್ಸಲ್ಲಿ ಉತ್ತರ ಇದ್ರೆ ಕುದುರೆಗೆ ತಲುಪುತ್ತೆ, ಇಲ್ಲದಿದ್ರೆ ತಲುಪಲ್ಲ, ಸರಿಯಾಗೇ ಇದೆಯಲ್ಲ ಅಂತ. ಒಂದೇ ಡೇಟಾ ಎರಡು ವಿವರಣೆಗೂ ಹೊಂದುತ್ತೆ ಅಂದ್ರೆ ಆ ಎರಡರ ಮಧ್ಯೆ ತೀರ್ಮಾನ ಮಾಡೋಕೆ ಅದು ಕೆಲಸಕ್ಕೆ ಬರಲ್ಲ, ಇನ್ನೊಂದು ಪ್ರಯೋಗ ಬೇಕು, ಎರಡೂ ವಿವರಣೆ ಬೇರೆ ಬೇರೆ ಫಲಿತಾಂಶ ಹೇಳೋ ಅಂಥದ್ದು.

ಅದಕ್ಕೆ ಕಣ್ಣಪಟ್ಟಿ. ಗಾಡಿ ಕುದುರೆಗೆ ಕಟ್ತಾರಲ್ಲ ಆ ಥರದ್ದು, ಆದ್ರೆ ದೊಡ್ಡದು. ಯೋಚ್ನೆ ಗಾಳೀಲಿ ಹಾರಿ ಬರೋದಾದ್ರೆ ಒಂದು ಪಟ್ಟಿ ಅದನ್ನ ತಡೆಯಲ್ಲ. ಕಣ್ಣಿಂದ ನೋಡಿ ತಿಳ್ಕೊಳ್ತಿದ್ರೆ ತಡೆಯುತ್ತೆ. ಈ ಸಲ ಕೇಳೋನಿಗೆ ಎಲ್ಲಾ ಉತ್ತರವೂ ಗೊತ್ತು, ಬದಲಾಗೋದು ಅವನು ಕುದುರೆ ಕಣ್ಣಿಗೆ ಬೀಳ್ತಾನಾ ಇಲ್ವಾ ಅನ್ನೋದು ಮಾತ್ರ. ಕಾಣ್ತಿದ್ದ 56 ಸಲದಲ್ಲಿ 89% ಸರಿ, ಕಾಣದೇ ಇದ್ದ 35 ಸಲದಲ್ಲಿ 6%. ಇನ್ನೂ 11 ಸಲ ಇದೆ, ಅವುಗಳಲ್ಲಿ ಕುದುರೆಗೆ ಕಾಣಿಸ್ತೋ ಇಲ್ವೋ ಅಂತ ಫುಂಗ್ಸ್ಟ್‌ಗೇ ಖಾತ್ರಿ ಇರ್ಲಿಲ್ಲ, ಯಾಕಂದ್ರೆ ಹಾನ್ಸ್ ಕತ್ತು ಕೊಂಕಿಸಿ, ಹಗ್ಗ ಎಳೆದು, ಹೇಗಾದ್ರೂ ಮಾಡಿ ಕೇಳೋನನ್ನ ನೋಡೋಕೆ ಒದ್ದಾಡ್ತಿತ್ತು. ಆ 11ನ್ನ ಅವನು ತನಗೆ ಅನುಕೂಲ ಆಗೋ ಕಡೆ ಸೇರಿಸ್ಲಿಲ್ಲ, ಬಿಸಾಡಲೂ ಇಲ್ಲ, "ಖಚಿತ ಇಲ್ಲ" ಅಂತ ಬೇರೆ ಸಾಲು ಮಾಡಿ ಅಲ್ಲಿ 18% ಸರಿ ಅಂತ ಬರೆದ. ನನಗೆ ಇಡೀ ಪ್ರಕರಣದಲ್ಲಿ ಅವನ ಮೇಲೆ ಗೌರವ ಬಂದಿದ್ದು ಈ ಮೂರನೇ ಸಾಲಿನಿಂದ.

ಒಂದು ಅಡ್ಡಮಾತು. ಈ 89 ಮತ್ತೆ 6 ಅನ್ನೋ ಅಂಕಿಗಳನ್ನ ಎಷ್ಟೋ ಕಡೆ "ಉತ್ತರ ಗೊತ್ತಿದ್ದಾಗ 89%, ಗೊತ್ತಿಲ್ಲದಾಗ 6%" ಅಂತ ಬರೆದಿರ್ತಾರೆ. ಅದು ಎರಡು ಬೇರೆ ಪ್ರಯೋಗಗಳನ್ನ ಕಲಸಿ ಮಾಡಿದ್ದು. ವಿಮರ್ಶೆಯಿಂದ ಯೋಚ್ನೆ ಮಾಡೋದನ್ನ ಕಲಿಸೋಕೆ ಅಂತ ಹೇಳೋ ಕಥೇಲೇ ಯಾರೂ ಮೂಲ ತೆಗೆದು ನೋಡದೆ ಒಬ್ಬರನ್ನ ನೋಡಿ ಒಬ್ಬರು ಬರೀತಾ ಹೋಗಿದ್ದಾರೆ ಅನ್ನೋದು ತಮಾಷೆ.

ಸರಿ, ಕಣ್ಣಿಂದ ಅಂತ ಗೊತ್ತಾಯ್ತು, ಆದ್ರೆ ಏನನ್ನ ನೋಡ್ತಿದೆ? ಇದಕ್ಕೆ ಫುಂಗ್ಸ್ಟ್ ಕುದುರೆ ಬಿಟ್ಟು ಮನುಷ್ಯರನ್ನ ನೋಡೋಕೆ ಶುರು ಮಾಡಿದ. ಕೊನೆಗೂ ಸಿಕ್ತು. ಪ್ರಶ್ನೆ ಕೇಳಿದ ಮೇಲೆ ಕೇಳಿದೋನು ಗೊರಸು ನೋಡೋಕೆ ಅಂತ ಚೂರೇ ಚೂರು ಮುಂದಕ್ಕೆ ಬಾಗ್ತಾನೆ, ಕುದುರೆ ತಟ್ಟೋಕೆ ಶುರು ಮಾಡುತ್ತೆ. ಎಣಿಸ್ತಾ ಎಣಿಸ್ತಾ ಸರಿ ಸಂಖ್ಯೆ ಹತ್ರ ಬಂದಂಗೆ ಒಳಗೆ ಬಿಗಿ ಏರುತ್ತೆ, ಸಂಖ್ಯೆ ಬಂದ ಕ್ಷಣ "ಹಾ, ಬಂತು" ಅನ್ನೋ ಹಾಗೆ ಬಿಗಿ ಸಡಿಲ ಆಗಿ ತಲೆ ತಾನಾಗೇ ಒಂದು ಸಣ್ಣ ಜರ್ಕ್‌ನಲ್ಲಿ ಮೇಲಕ್ಕೆ ಹೋಗುತ್ತೆ, ಕುದುರೆ ನಿಲ್ಸುತ್ತೆ. ಮೇಷ್ಟ್ರ ಅಗಲ ಅಂಚಿನ ಟೋಪಿ ಬೇರೆ, ತಲೆ ಕೂದಲೆಳೆಯಷ್ಟು ಅಲ್ಲಾಡಿದ್ರೂ ಟೋಪಿ ಅಂಚು ಅದನ್ನ ದೊಡ್ಡದು ಮಾಡಿ ತೋರಿಸ್ತಿತ್ತು. ಬುಷ್ ಅಂಥವನಿಗೂ ಇದು ಕಾಣ್ಲಿಲ್ಲ, ಯಾಕಂದ್ರೆ ಅವನು ಹುಡುಕ್ತಿದ್ದಿದ್ದು ಸರ್ಕಸ್ಸಿನ ಸನ್ನೆ, ಅಂದ್ರೆ ಒಬ್ಬ ಬೇಕಂತ ಕೊಡೋದು.

ನೋಡಿದ್ದಷ್ಟಕ್ಕೇ ತೃಪ್ತಿ ಪಟ್ಕೊಂಡಿದ್ರೆ ಅದು ಬರೀ ಒಟ್ಟೊಟ್ಟಿಗೆ ಆಗೋ ಎರಡು ಸಂಗತಿ, ತಲೆ ಎತ್ತೋದು ಮತ್ತೆ ಕುದುರೆ ನಿಲ್ಸೋದು. ಯಾವುದು ಯಾವುದಕ್ಕೆ ಕಾರಣ ಅಂತ ಹೇಗೆ ಹೇಳೋದು, ಕುದುರೆ ನಿಲ್ಸಿದ್ದು ನೋಡಿ ಮನುಷ್ಯನೇ ತಲೆ ಎತ್ತಿರ್ಬೋದು. ಹಾಗಾಗಿ ಫುಂಗ್ಸ್ಟ್ ಆ ಚಲನೆಯನ್ನ ತನ್ನ ಕೈಗೆ ತಗೊಂಡ. ಪ್ರಶ್ನೆಯೇ ಕೇಳದೆ ಸುಮ್ನೆ ಮುಂದಕ್ಕೆ ಬಾಗಿದ, ಕುದುರೆ ತಟ್ಟೋಕೆ ಶುರು ಮಾಡ್ತು. ತಲೆ ಎತ್ತಿದ, ನಿಲ್ಸ್ತು. ಬಾಗೇ ನಿಂತ್ರೆ ಸರಿ ಉತ್ತರ ದಾಟಿ ತಟ್ತಾನೇ ಹೋಗ್ತಿತ್ತು. ಜಾಸ್ತಿ ಬಾಗಿದ್ರೆ ತಟ್ಟೋ ಸ್ಪೀಡ್ ಜಾಸ್ತಿ, ದೊಡ್ಡ ಸಂಖ್ಯೆಗಳನ್ನ ಹಾನ್ಸ್ ಬೇಗ ಬೇಗ ತಟ್ಟುತ್ತೆ, ಎಂಥಾ ಬುದ್ಧಿ ನೋಡಿ ಅಂತ ಜನ ಹೊಗಳ್ತಿದ್ರಲ್ಲ, ಅದರ ಗುಟ್ಟು ಇದು, ದೊಡ್ಡ ಸಂಖ್ಯೆ ಅಂದ್ರೆ ಕೇಳೋನು ಉದ್ದಕ್ಕೆ ಕಾಯೋಕೆ ಸಿದ್ಧನಾಗಿ ಜಾಸ್ತಿ ಬಾಗ್ತಾನೆ. ಇನ್ನೂ ದೂರ ನಿಂತು ಕೇಳಿದಷ್ಟೂ ತಪ್ಪು ಜಾಸ್ತಿ ಆಗ್ತಿತ್ತು, ಅದೂ ಕಣ್ಣಿನ ಕಡೆಗೇ ಬೆರಳು ತೋರಿಸುತ್ತೆ.

ಇದಾದ ಮೇಲೆ ಅವನು ಲ್ಯಾಬ್‌ಗೆ ಹೋಗಿ ತಾನೇ ಕುದುರೆ ಆದ. ನಿಜವಾಗ್ಲೂ. ಜನ ಬಂದು ಮನಸ್ಸಲ್ಲಿ ಒಂದು ಸಂಖ್ಯೆ ಇಟ್ಕೊಳ್ಳೋದು, ಇವನು ಕೈಯಿಂದ ಟೇಬಲ್ ತಟ್ಟೋದು, ಅವರ ತಲೆ ನೋಡ್ಕೊಂಡು ಎಲ್ಲಿ ನಿಲ್ಲಿಸ್ಬೇಕೋ ಅಲ್ಲಿ ನಿಲ್ಲಿಸೋದು. 25 ಜನರಲ್ಲಿ 23 ಜನ ಆ ಸಣ್ಣ ಚಲನೆ ಮಾಡಿದ್ರು, ತಾವು ಮಾಡ್ತಿದ್ದೀವಿ ಅಂತ ಗೊತ್ತೇ ಇಲ್ದೆ. ಅವನು ಹಾನ್ಸ್ ಎದುರಿಗೆ ಮೊದಮೊದಲು ನಿಂತಾಗ ಅವನೂ ಮಾಡ್ತಿದ್ದ. ಅಂದ್ರೆ ಇದು ಮೇಷ್ಟ್ರ ಚಟ ಅಲ್ಲ, ಉತ್ತರ ಗೊತ್ತಿದ್ದು ಕಾಯ್ತಾ ನಿಂತಿರೋ ಹೆಚ್ಚುಕಮ್ಮಿ ಯಾರ ಮೈಯಾದ್ರೂ ಮಾಡೋ ಕೆಲಸ.

ಇಲ್ಲಿ ಫುಂಗ್ಸ್ಟ್ ಮೇಲೂ ಒಂದು ಆಕ್ಷೇಪ ಎತ್ಬೋದು, ಎತ್ತಬೇಕು ಕೂಡ. ಲ್ಯಾಬಲ್ಲಿ ತಟ್ಟೋನು ಅವನೇ, ಏನು ಹುಡುಕಬೇಕು ಅಂತ ಗೊತ್ತಿದ್ದೋನೂ ಅವನೇ, ಚಲನೆ ಕಾಣಿಸ್ತಾ ಇಲ್ವಾ ಅಂತ ತೀರ್ಪು ಕೊಟ್ಟೋನೂ ಅವನೇ. ಹಾನ್ಸ್ ಪ್ರಕರಣ ಯಾವ ತಪ್ಪನ್ನ ಎತ್ತಿ ತೋರಿಸ್ತೋ ಅದೇ ತಪ್ಪಿಗೆ ಇಲ್ಲಿ ಬಾಗಿಲು ತೆರೆದೇ ಇದೆ. ತಲೆಯ ಚಲನೆಯನ್ನ ಒಂದು ಯಂತ್ರಕ್ಕೆ ಕಟ್ಟಿ ಗೆರೆಯಾಗಿ ದಾಖಲು ಮಾಡಿದ್ದೂ ಇದೆ, ಅದರಿಂದ ಈ ಆಕ್ಷೇಪದ ಬಲ ಸ್ವಲ್ಪ ಕಮ್ಮಿ ಆಗುತ್ತೆ, ಆದ್ರೆ ಪೂರ್ತಿ ಹೋಗಲ್ಲ. ಆ ದಿನಗಳಲ್ಲಿ ಪ್ರಯೋಗ ಮಾಡೋನಿಗೂ ಉತ್ತರ ಗೊತ್ತಾಗದ ಹಾಗೆ ನೋಡ್ಕೋಬೇಕು ಅನ್ನೋದು ಅಷ್ಟಾಗಿ ರೂಢಿ ಇರ್ಲಿಲ್ಲ, ಅದನ್ನೇ ನಾವು ಈಗ ಡಬಲ್ ಬ್ಲೈಂಡ್ ಅಂತ ಸಲೀಸಾಗಿ ಹೇಳ್ತೀವಿ.

ಮೇಷ್ಟ್ರ ನಾಲ್ಕು ವರ್ಷ ಹಾಗಾದ್ರೆ ವೇಸ್ಟಾ? ನಾನಂತೂ ಹಾಗನ್ನಲ್ಲ. ಅವರು ಕಲಿಸಿದ್ರು, ಕುದುರೆ ಕಲೀತು, ಕಲಿಸಿದ್ದೇ ಒಂದು ಕಲಿತಿದ್ದೇ ಒಂದು ಅಷ್ಟೇ. ಕ್ಯಾರೆಟ್ ಸಿಗ್ತಿದ್ದಿದ್ದು ಸರಿಯಾದ ತಟ್ಟಿಗೆ ನಿಲ್ಲಿಸಿದಾಗ, ಆ ಸರಿಯಾದ ತಟ್ಟಿನ ಗುರುತು ಅಂತ ಕುದುರೆಗೆ ಸಿಕ್ಕಿದ್ದು ಮೇಷ್ಟ್ರ ತಲೆ, ಗೂಟ ಮಣಿ ಹಲಗೆ ಎಲ್ಲಾ ಅದರ ಪಾಲಿಗೆ ಬರೀ ಸಾಮಾನು. ಪಕ್ಕದಲ್ಲಿ ನಿಂತ ಸರ್ಕಸ್ ಮಾಲೀಕನಿಗೂ ಕಾಣದ ಚಲನೆಯನ್ನ ಹಿಡಿಯೋ ಪ್ರಾಣಿ ಅದು, ಆದ್ರೆ ಎಲ್ಲರೂ ಲೆಕ್ಕ ಬರುತ್ತಾ ಬರಲ್ವಾ ಅಂತಾನೇ ಜಗಳ ಆಡಿದ್ರಿಂದ ಈ ಪ್ರತಿಭೆ "ಬರೀ ಸನ್ನೆ ನೋಡೋದು" ಅಂತ ಮೂಲೆಗೆ ಬಿತ್ತು.

ಇದೇ ಸಂಗತಿ ಆಮೇಲೆ ಬೇರೆ ಬೇರೆ ವೇಷದಲ್ಲಿ ಬಂದಿದೆ. 1963ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತೆ ಕರ್ಮಿಟ್ ಫೋಡ್ ಪ್ರಕಟಿಸಿದ ಕೆಲಸದಲ್ಲಿ 12 ವಿದ್ಯಾರ್ಥಿಗಳಿಗೆ ತಲಾ 5 ಇಲಿ ಕೊಟ್ಟು, ಅರ್ಧ ಜನಕ್ಕೆ ನಿಮ್ಮವು ಚುರುಕು ತಳಿ, ಉಳಿದವರಿಗೆ ನಿಮ್ಮವು ದಡ್ಡ ತಳಿ ಅಂದ್ರು, ಇಲಿಗಳಲ್ಲಿ ಅಂಥ ವ್ಯತ್ಯಾಸ ಏನೂ ಇರ್ಲಿಲ್ಲ, ಆದ್ರೂ "ಚುರುಕು" ಇಲಿಗಳು ಚೆನ್ನಾಗಿ ಓಡಿದ್ವು. 2011ರಲ್ಲಿ ಅಮೆರಿಕದಲ್ಲಿ ಡ್ರಗ್ಸ್ ಮತ್ತೆ ಸ್ಫೋಟಕ ಹುಡುಕೋ 18 ನಾಯಿಗಳನ್ನ ಅವುಗಳ ಹ್ಯಾಂಡ್ಲರ್ ಜೊತೆ ಒಂದು ಕಟ್ಟಡದಲ್ಲಿ ಬಿಟ್ರು, ವಾಸನೆ ಎಲ್ಲಿರ್ಬೋದು ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ರು, ಅಲ್ಲಿ ನಿಜಕ್ಕೂ ಏನೂ ಇಟ್ಟಿರ್ಲಿಲ್ಲ, 225 ಸಲ "ಸಿಕ್ತು" ಅನ್ನೋ ಸೂಚನೆ ಬಂತು. ಕರುಳು ಹಿಂಡೋದು ಅಂದ್ರೆ 1990ರ ದಶಕದ್ದು, ಮಾತು ಬಾರದ ಆಟಿಸಂ ಇರೋ ಮಕ್ಕಳ ಕೈ ಹಿಡ್ಕೊಂಡು ಟೈಪ್ ಮಾಡಿಸಿದ್ರೆ ಅವರು ಪೂರ್ತಿ ವಾಕ್ಯ ಬರೀತಾರೆ ಅನ್ನೋ ವಿಧಾನ. 1993ರ ಒಂದು ಅಧ್ಯಯನದಲ್ಲಿ ಕೈ ಹಿಡಿದವರಿಗೆ ಒಂದು ಚಿತ್ರ, ಟೈಪ್ ಮಾಡೋರಿಗೆ ಇನ್ನೊಂದು ಚಿತ್ರ ತೋರಿಸಿದ್ರು, ಟೈಪ್ ಮಾಡೋರು ನೋಡಿದ ಚಿತ್ರದ ಹೆಸರು ಒಂದ್ಸಲವೂ ಬರ್ಲಿಲ್ಲ. ಫುಂಗ್ಸ್ಟ್‌ನ ಕಾರ್ಡ್ ಪ್ರಯೋಗವೇ ಇದು. ಕೈ ಹಿಡಿದವರೂ ಮೇಷ್ಟ್ರ ಹಾಗೇ ಪ್ರಾಮಾಣಿಕರು, ಆ ಪದಗಳು ತಮ್ಮ ಬೆರಳಿಂದ ಬರ್ತಿವೆ ಅಂತ ಅವರಿಗೆ ಗೊತ್ತಿರ್ಲಿಲ್ಲ.

ಹಾನ್ಸ್ ಬಗ್ಗೆ ಎರಡನೇ ವರದಿ ಬಂದಿದ್ದು 1904ರ ಡಿಸೆಂಬರ್ 9ಕ್ಕೆ, ಫುಂಗ್ಸ್ಟ್ ಪುಸ್ತಕ 1907ರಲ್ಲಿ. ಮೇಷ್ಟ್ರು ಅದನ್ನ ಒಪ್ಪಲೇ ಇಲ್ಲ. ತಮ್ಮ ಕಣ್ಣೆದುರೇ ಕುದುರೆ ತಪ್ಪು ಮೇಲೆ ತಪ್ಪು ಮಾಡಿದ್ದನ್ನ ನೋಡಿದ್ರು, ಆದ್ರೂ ಇನ್ನು ಪ್ರಯೋಗ ಬೇಡ ಅಂತ ಅಂಗಳದ ಬಾಗಿಲು ಹಾಕ್ಬಿಟ್ರು. 1909ರಲ್ಲಿ ತೀರ್ಕೊಂಡ್ರು. ಹಾನ್ಸ್‌ನ ಎಲ್ಬರ್‌ಫೆಲ್ಡ್ ಊರಿನ ಕಾರ್ಲ್ ಕ್ರಾಲ್ ಅನ್ನೋ ವ್ಯಾಪಾರಿ ಕರ್ಕೊಂಡು ಹೋದ. ಅವನು ಇನ್ನೂ ಕೆಲವು ಕುದುರೆ ತಂದು ಪಾಠ ಶುರು ಮಾಡಿದ, ಮುಹಮದ್ ಮತ್ತೆ ಜರೀಫ್ ಅಂತ ಎರಡು ತುಂಬಾ ಹೆಸರು ಮಾಡಿದ್ವು, ಮತ್ತೆ ಜನ, ಮತ್ತೆ ಪ್ರೊಫೆಸರ್‌ಗಳು. 1912ರಲ್ಲಿ ಅವನದೂ ಒಂದು ದಪ್ಪ ಪುಸ್ತಕ ಬಂತು. ಈ ಸಲ ಕುದುರೆಗಳು ವರ್ಗಮೂಲ ತೆಗೀತಿದ್ವಂತೆ.